ಪ್ರೋನೋಟಿನ ಸಾಲ, ಏರಿದ ಬಡ್ಡಿ, ಮಾರ್ಚ್ 31ರ ಬಾಕಿ: ಪುಸ್ತಕದಲ್ಲಿ ಬರೆಯುವುದು ಹೇಗೆ

ಮಾರ್ಚ್ ಕೊನೇ ವಾರ ಬಂತೆಂದರೆ ಸಣ್ಣ ಊರಿನ ಮಿಲ್ಲು, ಮಂಡಿ, ಅಂಗಡಿಗಳ ಲೆಕ್ಕ ಬರೆಯುವ ನಮ್ಮಂಥವರು ಒಂದು ಪ್ರಶ್ನೆಯನ್ನು ಎರಡೆರಡು ಸಲ ಕೇಳಬೇಕಾಗುತ್ತದೆ. "ಅಣ್ಣಾ, ಈ ವರ್ಷ ಯಾರಿಗಾದರೂ ಪ್ರೋನೋಟು ಬರೆದುಕೊಟ್ಟಿದ್ದೀರಾ?" ಮೊದಲ ಸಲ ಕೇಳಿದಾಗ ಎಲ್ಲರೂ ಇಲ್ಲ ಎನ್ನುತ್ತಾರೆ. ಟೀ ಕುಡಿದು ಲೋಟ ಕೆಳಗಿಟ್ಟ ಮೇಲೆ ನೆನಪಾಗುತ್ತದೆ. ಆಮೇಲೆ ಗಲ್ಲಾ ಪೆಟ್ಟಿಗೆಯ ಕೆಳಗಿನಿಂದ ನಾಲ್ಕು ಮಡಿಕೆಯ ಜೆರಾಕ್ಸ್ ಪ್ರತಿಯೊಂದು ಹೊರಗೆ ಬರುತ್ತದೆ. ಹಣ ಬ್ಯಾಂಕಿಗೆ ಬಂದದ್ದು ಪುಸ್ತಕದಲ್ಲಿ ಇರುತ್ತದೆ, ಆದರೆ ಯಾವುದೋ "ಸಸ್ಪೆನ್ಸ್" ಖಾತೆಯಲ್ಲಿ, ಅಂದರೆ ಏನೆಂದು ಗೊತ್ತಾಗದ ಹಣವನ್ನು ಸದ್ಯಕ್ಕೆ ಹಾಕಿಡುವ ಖಾತೆಯಲ್ಲಿ, ಕೂತಿರುತ್ತದೆ. ಅದಕ್ಕೆ ಏರಿದ ಬಡ್ಡಿಯಂತೂ ಎಲ್ಲೂ ಇರುವುದಿಲ್ಲ.

ಈ ಬರಹ ಆ ಚೀಟಿಯ ಬಗ್ಗೆ, ಅಂದರೆ ಇಂತಿಷ್ಟು ಹಣ ಕೊಡುತ್ತೇನೆ ಅಂತ ಸಾಲ ತೆಗೆದವರು ಬರೆದು ಸಹಿ ಮಾಡಿಕೊಡುವ ಪ್ರೋನೋಟಿನ ಬಗ್ಗೆ. ಸಾಲ ಬಂದ ದಿನ ಏನು ಬರೆಯಬೇಕು, ವರ್ಷದ ಕೊನೆಯಲ್ಲಿ ಏನು, ತೀರಿಸುವಾಗ ಏನು ಅಂತ ಒಂದೇ ಉದಾಹರಣೆ ಹಿಡಿದು ಕೊನೆತನಕ ಹೇಳುತ್ತೇನೆ. ಅಂಕಿಗಳು ನಾನು ಹಾಕಿಕೊಂಡವು, ಸಂಗತಿ ಮಾತ್ರ ದಿನಾ ನೋಡುವಂಥದ್ದು.

ಚಳ್ಳಕೆರೆ ಕಡೆಯ ಒಂದು ಎಣ್ಣೆ ಮಿಲ್ಲು ಅಂದುಕೊಳ್ಳಿ. ಇಬ್ಬರು ಪಾಲುದಾರರ ಫರ್ಮ್. ಶೇಂಗಾ ಮಾರುಕಟ್ಟೆಗೆ ಬರುವ ಹೊತ್ತು, ರೇಟು ಕಡಿಮೆ ಇದೆ, ಈಗಲೇ ಮೂಟೆ ತುಂಬಿಸಿಕೊಂಡರೆ ಬೇಸಿಗೆಯವರೆಗೆ ಗಾಣ ನಿಲ್ಲುವುದಿಲ್ಲ. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್, ಬೇಕಾದಾಗ ತೆಗೆದು ಕಟ್ಟುವ ಸಾಲ) ಲಿಮಿಟ್ ಮುಗಿದಿದೆ. ಪರಿಚಯದ ಒಬ್ಬರ ಹತ್ತಿರ 2025ರ ಡಿಸೆಂಬರ್ 1ರಂದು 6 ಲಕ್ಷ ತೆಗೆದುಕೊಂಡರು. ಒಂದು ರೂಪಾಯಿ ಬಡ್ಡಿ. ಅಂದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ವರ್ಷಕ್ಕೆ ಶೇಕಡಾ 12. ವಾಯಿದೆ ಆರು ತಿಂಗಳು. ಅಸಲು ಬಡ್ಡಿ ಎರಡೂ ಒಟ್ಟಿಗೆ ಕೊನೆಯಲ್ಲಿ.

ಮೊದಲು ಚೀಟಿಯನ್ನು ಓದಿ

ಎಂಟ್ರಿ ಹಾಕುವ ಮೊದಲು ಪ್ರೋನೋಟನ್ನು ಕೈಯಲ್ಲಿ ಹಿಡಿದು ಓದಿ. ಬಾಯಿಮಾತಿನಲ್ಲಿ ಕೇಳಿ ಬರೆಯಬೇಡಿ. ತಾರೀಖು, ಮೊತ್ತ, ಬಡ್ಡಿ ದರ, "ಕೇಳಿದಾಗ ಕೊಡುತ್ತೇನೆ" ಅಂತ ಇದೆಯೋ ಅಥವಾ ಇಂತಿಷ್ಟು ತಿಂಗಳ ವಾಯಿದೆ ಇದೆಯೋ, ಸಹಿ ಮಾಡಿದ್ದು ಪಾಲುದಾರ ತನ್ನ ಸ್ವಂತಕ್ಕೋ ಫರ್ಮ್ ಪರವಾಗಿಯೋ, ಇಷ್ಟನ್ನೂ ನೋಡಬೇಕು. ಕೊನೇ ವಿಷಯ ಬಹಳ ಜನ ನೋಡುವುದಿಲ್ಲ. ಪಾಲುದಾರ ಸ್ವಂತ ಹೆಸರಿನಲ್ಲಿ ಸಾಲ ತೆಗೆದು ಆ ಹಣವನ್ನು ಫರ್ಮ್‌ಗೆ ಹಾಕಿದ್ದರೆ ಅದು ಫರ್ಮ್‌ನ ಪ್ರೋನೋಟು ಸಾಲವೇ ಆಗುವುದಿಲ್ಲ. ಆ ಪಾಲುದಾರನ ಖಾತೆಗೆ ಜಮಾ ಆಗಬೇಕು.

ಬಡ್ಡಿ ದರ ಬರೆಯುವುದೇ ಬಿಟ್ಟುಹೋಗಿದ್ದರೆ? 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ ವರ್ಷಕ್ಕೆ ಶೇಕಡಾ 18 ಹಿಡಿಯುತ್ತಾರೆ. ಒಂದು ರೂಪಾಯಿ ಬಡ್ಡಿ ಅಂತ ಮಾತಾಗಿದ್ದು, ಚೀಟಿಯಲ್ಲಿ ಅದು ಇಲ್ಲ ಅಂದರೆ ಕೋರ್ಟಿಗೆ ಹೋದ ದಿನ ಒಂದೂವರೆ ರೂಪಾಯಿ ಲೆಕ್ಕ ಬರಬಹುದು. ಆದ್ದರಿಂದ ದರ ಬರೆಸಿ. ಸ್ಟಾಂಪಿನ ವಿಷಯದಲ್ಲೂ ಎಚ್ಚರ ಬೇಕು. ಕೇಳಿದಾಗ ಕೊಡುವ ಪ್ರೋನೋಟಿಗೆ ರೆವೆನ್ಯೂ ಸ್ಟಾಂಪ್ ಸಾಕು. ವಾಯಿದೆ ಇರುವ ಪ್ರೋನೋಟಿಗೆ ಮೊತ್ತ ನೋಡಿಕೊಂಡು ಸ್ಟಾಂಪ್ ಶುಲ್ಕ ಜಾಸ್ತಿ ಆಗುತ್ತದೆ. ಸ್ಟಾಂಪ್ ಕಡಿಮೆ ಇದ್ದ ಪ್ರೋನೋಟನ್ನು ಆಮೇಲೆ ದಂಡ ಕಟ್ಟಿ ಸರಿಮಾಡಿಸಿ ಕೋರ್ಟಿನಲ್ಲಿ ಸಾಕ್ಷಿಯಾಗಿ ಕೊಡಲು ಬರುವುದಿಲ್ಲ. ಇದು ಸಾಲ ಕೊಟ್ಟವರ ಚಿಂತೆ ಅಂತ ಬಿಡಬೇಡಿ. ನಾಳೆ ನೀವೂ ಯಾರಿಗಾದರೂ ಕೊಡುವವರೇ.

ಇನ್ನೊಂದು, ಹಣ ಬ್ಯಾಂಕ್ ಮೂಲಕವೇ ಬರಲಿ. ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಪ್ರಕಾರ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ ದಂಡ ಸಾಲದ ಮೊತ್ತದಷ್ಟೇ ಆಗಬಹುದು. 6 ಲಕ್ಷ ಸಾಲಕ್ಕೆ 6 ಲಕ್ಷ ದಂಡ! ವಾಪಸ್ ಕೊಡುವಾಗಲೂ ಹಾಗೆಯೇ, ಅದು 269ಟಿ. (ನಾನು ಇಲ್ಲಿ ಕೊಡುವ ಸೆಕ್ಷನ್ ನಂಬರ್‌ಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿ ಇರುವುದರಿಂದ ಅಲ್ಲಿಂದ ಮುಂದಿನ ವರ್ಷಗಳಿಗೆ ನಂಬರ್ ಬದಲಾಗಿವೆ. ಮಾರ್ಚ್ 2026ರವರೆಗಿನ ಲೆಕ್ಕಕ್ಕೆ ಹಳೆಯವೇ.)

ಸಾಲ ಬಂದ ದಿನದ ಎಂಟ್ರಿ ಸುಲಭ. ಡಿಸೆಂಬರ್ 1:

ಬ್ಯಾಂಕ್ ಖಾತೆ ಡೆಬಿಟ್ 6,00,000
ಪ್ರೋನೋಟು ಸಾಲ ಖಾತೆ ಕ್ರೆಡಿಟ್ 6,00,000

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಇದು ರಿಸೀಟ್ ವೋಚರ್, ಎಫ್6 ಕೀಲಿ. ಲೆಡ್ಜರ್ ಹೆಸರಿನಲ್ಲೇ ಸಾಲ ಕೊಟ್ಟವರ ಹೆಸರು ಮತ್ತು ವಾಯಿದೆ ತಾರೀಖು ಎರಡನ್ನೂ ಸೇರಿಸಿ. ನರೇಶನ್ ಜಾಗದಲ್ಲಿ ದರ, ತಿಂಗಳು, ಚೀಟಿ ಎಲ್ಲಿ ಇಟ್ಟಿದೆ ಅಂತ ಬರೆಯಿರಿ. ಮೂರು ವರ್ಷದ ಮೇಲೆ ಬೇರೆ ಯಾರೋ ಆ ಕುರ್ಚಿಯಲ್ಲಿ ಕೂತಿರುತ್ತಾರೆ, ಅವರಿಗೆ ನಿಮ್ಮನ್ನು ಫೋನ್ ಮಾಡಿ ಕೇಳುವ ಕಷ್ಟ ಇರಬಾರದು.

ವಾಯಿದೆ ತಾರೀಖು ಯಾವುದು? ಡಿಸೆಂಬರ್ 1ಕ್ಕೆ ಆರು ತಿಂಗಳು ಸೇರಿಸಿದರೆ ಜೂನ್ 1. ಅದರ ಮೇಲೆ ಕಾಯ್ದೆ ಮೂರು ದಿನದ ಗ್ರೇಸ್ ಕೊಡುತ್ತದೆ. ಹಾಗಾಗಿ 2026ರ ಜೂನ್ 4. ಆ ದಿನ ಸಾರ್ವಜನಿಕ ರಜೆ ಬಿದ್ದರೆ ವಾಯಿದೆ ಒಂದು ದಿನ ಹಿಂದಕ್ಕೆ ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಆ ಮೂರು ದಿನಕ್ಕೂ ಬಡ್ಡಿ ಉಂಟಾ ಇಲ್ಲವಾ ಅಂತ ಮೊದಲೇ ಮಾತಾಡಿಕೊಂಡು ಬಿಡಿ. ನಮ್ಮ ಮಿಲ್ಲಿನವರು ಇಲ್ಲ ಅಂತ ಒಪ್ಪಿಕೊಂಡಿದ್ದಾರೆ ಅಂದುಕೊಳ್ಳೋಣ.

ಮಾರ್ಚ್ 31: ಯಾರೂ ಕೇಳದಿದ್ದರೂ ಬಡ್ಡಿ ಬರೆಯಬೇಕು

ಇಲ್ಲೇ ಎಲ್ಲರೂ ಎಡವುವುದು. "ಬಡ್ಡಿ ಕೊಡುವುದು ಜೂನ್‌ನಲ್ಲಿ, ಈಗ ಯಾಕೆ ಬರೆಯಬೇಕು?" ಅಂತ ಮಾಲೀಕರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಉತ್ತರ ಇಷ್ಟೇ: ಆ ಹಣದಿಂದ ತಂದ ಶೇಂಗಾ ಡಿಸೆಂಬರ್, ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಗಾಣಕ್ಕೆ ಹೋಯಿತು, ಎಣ್ಣೆ ಮಾರಾಟವಾಯಿತು, ಹಿಂಡಿಯೂ ಮಾರಾಟವಾಯಿತು, ಆ ಲಾಭ ಈ ವರ್ಷದ ಲೆಕ್ಕದಲ್ಲಿ ಇದೆ. ಲಾಭ ಈ ವರ್ಷ ತೋರಿಸಿ ಅದಕ್ಕೆ ತಗುಲಿದ ಬಡ್ಡಿಯನ್ನು ಮುಂದಿನ ವರ್ಷಕ್ಕೆ ತಳ್ಳಿದರೆ ಎರಡೂ ವರ್ಷದ ಲೆಕ್ಕ ಕೆಡುತ್ತದೆ. ಈ ವರ್ಷ ಸುಮ್ನೆ ಜಾಸ್ತಿ ಲಾಭ, ಜಾಸ್ತಿ ತೆರಿಗೆ. ಮುಂದಿನ ವರ್ಷ ಕಾರಣವಿಲ್ಲದೆ ಲಾಭ ಕಡಿಮೆ.

ನಾಲ್ಕು ತಿಂಗಳ ಬಡ್ಡಿ ಎಷ್ಟು? 6,00,000ಕ್ಕೆ ತಿಂಗಳಿಗೆ 6,000. ನಾಲ್ಕು ತಿಂಗಳಿಗೆ 24,000.

ದಿನದ ಲೆಕ್ಕ ಹಾಕಿದರೆ ಇದೇ ಬರುವುದಿಲ್ಲ, ನೋಡಿ. ಡಿಸೆಂಬರ್ 1ನೇ ತಾರೀಖು ಬಿಟ್ಟು ಮಾರ್ಚ್ 31 ಸೇರಿಸಿದರೆ 30, 31, 28, 31, ಒಟ್ಟು 120 ದಿನ. ವರ್ಷದ ಬಡ್ಡಿ 72,000. ಅದನ್ನು 365ರಿಂದ ಭಾಗಿಸಿ 120ರಿಂದ ಗುಣಿಸಿದರೆ 23,671. ಮೊದಲ ದಿನವನ್ನೂ ಸೇರಿಸಿ 121 ಅಂತ ಹಿಡಿದರೆ 23,868. ಮೂರು ಲೆಕ್ಕ, ಮೂರು ಉತ್ತರ. ಯಾವುದು ಸರಿ? ಚೀಟಿಯಲ್ಲಿ ಏನಿದೆಯೋ ಅದು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಅಂತಿದ್ದರೆ ತಿಂಗಳ ಲೆಕ್ಕ, ವರ್ಷಕ್ಕೆ ಶೇಕಡಾ 12 ಅಂತಿದ್ದು ನಡುವೆ ಮುರಿದ ದಿನಗಳು ಬಂದರೆ ದಿನದ ಲೆಕ್ಕ. ಯಾವುದನ್ನು ಹಿಡಿದರೂ ಕೊನೆತನಕ ಅದನ್ನೇ ಹಿಡಿಯಿರಿ. ಮಾರ್ಚ್‌ನಲ್ಲಿ ದಿನದ ಲೆಕ್ಕ, ಜೂನ್‌ನಲ್ಲಿ ತಿಂಗಳ ಲೆಕ್ಕ ಮಾಡಿದರೆ ಖಾತೆಯಲ್ಲಿ 329 ರೂಪಾಯಿ ಎಲ್ಲೋ ಉಳಿದುಕೊಳ್ಳುತ್ತದೆ, ಅದನ್ನು ಹುಡುಕುವುದಕ್ಕೆ ಒಂದು ಮಧ್ಯಾಹ್ನ ಹೋಗುತ್ತದೆ.

ನಮ್ಮದು ತಿಂಗಳ ಲೆಕ್ಕ. 24,000. ಟಿಡಿಎಸ್ (ಬಡ್ಡಿ ಕೊಡುವವರೇ ಅದರಲ್ಲಿ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟುವುದು) ಅನ್ನುವುದು ಇಲ್ಲದಿದ್ದರೆ ಎಂಟ್ರಿ ಎರಡೇ ಸಾಲು: ಬಡ್ಡಿ ಖರ್ಚು ಡೆಬಿಟ್, ಬಡ್ಡಿ ಬಾಕಿ ಕ್ರೆಡಿಟ್. ಆದರೆ ಸಾಲ ತೆಗೆದದ್ದು ಫರ್ಮ್ ಆದ್ದರಿಂದ ಆದಾಯ ತೆರಿಗೆ ಕಾಯ್ದೆಯ 194ಎ ಬರುತ್ತದೆ. ಬ್ಯಾಂಕ್ ಅಲ್ಲದವರಿಗೆ ಕೊಡುವ ಬಡ್ಡಿ ವರ್ಷಕ್ಕೆ 10,000 ದಾಟಿದರೆ ಶೇಕಡಾ 10 ಹಿಡಿಯಬೇಕು. 2025ರ ಏಪ್ರಿಲ್ 1ಕ್ಕೆ ಮೊದಲು ಈ ಮಿತಿ 5,000 ಇತ್ತು. ಒಬ್ಬರೇ ಮಾಲೀಕರ ಅಂಗಡಿಯಾದರೆ ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿದ್ದರೆ ಮಾತ್ರ ಈ ಹೊಣೆ. ಸಾಲ ಕೊಟ್ಟವರ ಪ್ಯಾನ್ ಇಲ್ಲದಿದ್ದರೆ ಶೇಕಡಾ 20. ಅದಕ್ಕೇ ಹಣ ತೆಗೆದುಕೊಳ್ಳುವ ದಿನವೇ ಪ್ಯಾನ್ ಕೇಳಿಕೊಳ್ಳಿ ಅನ್ನುವುದು.

ಗಮನ ಇಟ್ಟು ಓದಬೇಕಾದದ್ದು ಇದು: ಟಿಡಿಎಸ್ ಹಿಡಿಯಬೇಕಾದ್ದು ಹಣ ಕೊಟ್ಟಾಗ ಅಥವಾ ಪುಸ್ತಕದಲ್ಲಿ ಜಮಾ ಮಾಡಿದಾಗ, ಯಾವುದು ಮೊದಲೋ ಆಗ. ಅವರ ಹೆಸರಿನ ಖಾತೆಗೆ ಹಾಕಿಲ್ಲ, "ಬಡ್ಡಿ ಬಾಕಿ" ಅಥವಾ "ಸಸ್ಪೆನ್ಸ್" ಅಂತ ಬೇರೆ ಹೆಸರಿನಲ್ಲಿ ಹಾಕಿದ್ದೇನೆ ಅಂದರೂ ಬಿಡುವುದಿಲ್ಲ, ಕಾಯ್ದೆ ಅದನ್ನೂ ಜಮಾ ಅಂತಲೇ ಹಿಡಿಯುತ್ತದೆ. ಹೀಗಾಗಿ ಮಾರ್ಚ್ 31ರ ಎಂಟ್ರಿ:

ಬಡ್ಡಿ ಖರ್ಚು ಡೆಬಿಟ್ 24,000
ಬಡ್ಡಿ ಬಾಕಿ ಕ್ರೆಡಿಟ್ 21,600
ಟಿಡಿಎಸ್ ಬಾಕಿ ಕ್ರೆಡಿಟ್ 2,400

ಇದು ಜರ್ನಲ್, ಎಫ್7. ಮಾರ್ಚ್ ತಿಂಗಳ ಟಿಡಿಎಸ್ ಕಟ್ಟಲು ಏಪ್ರಿಲ್ 30ರವರೆಗೆ ಸಮಯ ಇದೆ, ಉಳಿದ ತಿಂಗಳುಗಳ ಹಾಗೆ 7ನೇ ತಾರೀಖು ಅಲ್ಲ. ಹಿಡಿದ ಟಿಡಿಎಸ್‌ನ ವಿವರ ಕೊಡುವ 26ಕ್ಯೂ ರಿಟರ್ನ್ ಮೇ 31ರೊಳಗೆ. ಟಿಡಿಎಸ್ ಹಿಡಿಯದೇ ಬಿಟ್ಟರೆ 40(ಎ)(ಐಎ) ಪ್ರಕಾರ ಆ ಬಡ್ಡಿಯಲ್ಲಿ ಶೇಕಡಾ 30, ಇಲ್ಲಿ 7,200 ರೂಪಾಯಿ, ಖರ್ಚು ಅಂತ ಒಪ್ಪುವುದಿಲ್ಲ. ಅದರ ಮೇಲೆ ಟಿಡಿಎಸ್ ತಡವಾದದ್ದಕ್ಕೆ ಬಡ್ಡಿ ಬೇರೆ.

ಅಸಲಿನ ಖಾತೆಗೇ ಬಡ್ಡಿಯನ್ನು ಸೇರಿಸಿ ಪ್ರೋನೋಟು ಸಾಲ 6,24,000 ಅಂತ ತೋರಿಸುವವರನ್ನು ಬಹಳ ನೋಡಿದ್ದೇನೆ. ಹಾಗೆ ಮಾಡಬೇಡಿ. ಚೀಟಿಯಲ್ಲಿ 6,00,000 ಇದೆ, ಲೆಡ್ಜರಿನಲ್ಲೂ ಅಷ್ಟೇ ಇರಬೇಕು. ಆಡಿಟರ್ ಆಗಲಿ, ಸಾಲ ಕೊಟ್ಟವರಾಗಲಿ ಬ್ಯಾಲೆನ್ಸ್ ಖಾತ್ರಿಪಡಿಸಲು ಕೇಳಿದಾಗ ಅಸಲು ಎಷ್ಟು, ಬಡ್ಡಿ ಎಷ್ಟು ಅಂತ ಎರಡು ಖಾತೆ ತೆರೆದು ತೋರಿಸುವಂತಿರಬೇಕು. ಕುಟುಂಬದೊಳಗಿನ ಸಾಲದಲ್ಲಂತೂ ಇದು ಬಹಳ ಮುಖ್ಯ. ಅಣ್ಣ ಬಡ್ಡಿಗೆ ಅಂತ ಕೊಟ್ಟದ್ದನ್ನು ತಮ್ಮ ಅಸಲಿಗೆ ಅಂತ ಹಿಡಿದು ಹತ್ತು ವರ್ಷ ಮಾತು ಬಿಟ್ಟ ಮನೆಗಳಿವೆ.

ಜೂನ್‌ನಲ್ಲಿ ತೀರಿಸುವಾಗ

ಹೊಸ ವರ್ಷದಲ್ಲಿ ಏಪ್ರಿಲ್, ಮೇ ಎರಡು ತಿಂಗಳ ಬಡ್ಡಿ 12,000 ಏರುತ್ತದೆ. ಇದೂ 10,000 ದಾಟುವುದರಿಂದ ಟಿಡಿಎಸ್ 1,200. ಬಡ್ಡಿ ಖರ್ಚು ಡೆಬಿಟ್ 12,000, ಬಡ್ಡಿ ಬಾಕಿ ಕ್ರೆಡಿಟ್ 10,800, ಟಿಡಿಎಸ್ ಬಾಕಿ ಕ್ರೆಡಿಟ್ 1,200. ಈಗ ಬಡ್ಡಿ ಬಾಕಿ ಖಾತೆಯಲ್ಲಿ ಹಳೆಯ 21,600 ಸೇರಿ 32,400 ನಿಂತಿದೆ. ಜೂನ್ 4ರಂದು:

ಪ್ರೋನೋಟು ಸಾಲ ಡೆಬಿಟ್ 6,00,000
ಬಡ್ಡಿ ಬಾಕಿ ಡೆಬಿಟ್ 32,400
ಬ್ಯಾಂಕ್ ಕ್ರೆಡಿಟ್ 6,32,400

ಎರಡೂ ಖಾತೆ ಸೊನ್ನೆ. ಕೈಗೆ ಕೊಟ್ಟ 6,32,400ಕ್ಕೆ ಟಿಡಿಎಸ್ 3,600 ಸೇರಿದರೆ 6,36,000. ಸಾಲ ಕೊಟ್ಟವರು "ಇದೇನು 3,600 ಕಡಿಮೆ?" ಅಂತ ಕೇಳೇ ಕೇಳುತ್ತಾರೆ. ಅವರ ಪ್ಯಾನ್‌ಗೆ ಜಮಾ ಆದ ತೆರಿಗೆಯ ಪಟ್ಟಿ (ಮಾರ್ಚ್ 2026ರವರೆಗಿನದ್ದು 26ಎಎಸ್) ತೆಗೆದು ತೋರಿಸಿ, ಆ ಹಣ ಅವರ ಪ್ಯಾನ್‌ಗೆ ತೆರಿಗೆಯಾಗಿ ಹೋಗಿದೆ, ರಿಟರ್ನ್‌ನಲ್ಲಿ ಹಾಕಿಕೊಳ್ಳಬಹುದು ಅಂತ ತಾಳ್ಮೆಯಿಂದ ಹೇಳಿ. ಟಿಡಿಎಸ್ ಸರ್ಟಿಫಿಕೇಟು ಕೈಯಲ್ಲಿ ಇಟ್ಟರೆ ಮಾತು ಮುಗಿಯುತ್ತದೆ.

ಇಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳಬೇಕು. ಲೆಕ್ಕ ಬರೆಯಲು ಶುರು ಮಾಡಿದ ಹೊಸತರಲ್ಲಿ ಒಂದು ಮಿಲ್ಲಿಗೆ ಮಾರ್ಚ್‌ನಲ್ಲಿ ಬಡ್ಡಿ ಬಾಕಿ ಸರಿಯಾಗಿ ಬರೆದಿದ್ದೆ. ಸಾಲ ತೀರಿಸಿದಾಗ ಚೆಕ್ಕಿನ ಮೊತ್ತ ನೋಡಿ ಅಸಲು ಬಿಟ್ಟು ಉಳಿದದ್ದನ್ನೆಲ್ಲ ಬಡ್ಡಿ ಖರ್ಚಿಗೆ ಹಾಕಿಬಿಟ್ಟೆ. ಹಿಂದಿನ ವರ್ಷ ಒಮ್ಮೆ ಖರ್ಚಾಗಿದ್ದ ಬಡ್ಡಿ ಈ ವರ್ಷ ಇನ್ನೊಮ್ಮೆ ಖರ್ಚಾಯಿತು. ಬಡ್ಡಿ ಬಾಕಿ ಖಾತೆ ಮಾತ್ರ ಹಾಗೇ ನಿಂತಿತು, ಮುಂದಿನ ವರ್ಷಕ್ಕೂ ಹೋಯಿತು, ಅದರ ಮುಂದಿನದಕ್ಕೂ ಹೋಯಿತು. ಮೂರನೇ ವರ್ಷ ಮಾಲೀಕರೇ ಬ್ಯಾಲೆನ್ಸ್ ಶೀಟ್ ಮೇಲೆ ಬೆರಳಿಟ್ಟು "ಇದು ಯಾರಿಗೆ ಕೊಡಬೇಕಾದ ಬಡ್ಡಿ?" ಅಂತ ಕೇಳಿದರು. ಅವರ ಸಾಲ ಎಂದೋ ತೀರಿತ್ತು. ಆ ದಿನ ಹಳೇ ಬ್ಯಾಂಕ್ ಪಾಸ್‌ಬುಕ್ ತೆರೆದು ಒಂದೊಂದೇ ಸಾಲು ನೋಡಿ ಸರಿಮಾಡಿದೆ. ಅಂದಿನಿಂದ ಏಪ್ರಿಲ್ ಮೊದಲ ವಾರವೇ ಬಡ್ಡಿ ಬಾಕಿಯ ಪಟ್ಟಿ ಒಂದು ಹಾಳೆಯಲ್ಲಿ ಬರೆದು ವೋಚರ್ ಫೈಲಿನ ಮೊದಲ ಪುಟಕ್ಕೆ ಅಂಟಿಸುತ್ತೇನೆ.

ಕೆಲವರು ಇದಕ್ಕೆ ಬೇರೆ ದಾರಿ ಹಿಡಿಯುತ್ತಾರೆ. ಏಪ್ರಿಲ್ 1ರಂದೇ ಮಾರ್ಚ್ 31ರ ಎಂಟ್ರಿಯನ್ನು ತಿರುಗಿಸಿ ಹಾಕುತ್ತಾರೆ. ಬಡ್ಡಿ ಬಾಕಿ ಡೆಬಿಟ್, ಬಡ್ಡಿ ಖರ್ಚು ಕ್ರೆಡಿಟ್. ಆಗ ಜೂನ್‌ನಲ್ಲಿ ಪೂರ್ತಿ ಬಡ್ಡಿಯನ್ನು ಖರ್ಚಿಗೆ ಹಾಕಿದರೂ ಹೊಸ ವರ್ಷಕ್ಕೆ ಎರಡು ತಿಂಗಳದ್ದೇ ಉಳಿಯುತ್ತದೆ. ಟಿಡಿಎಸ್ ಇಲ್ಲದ ಸಣ್ಣ ಬಾಕಿಗಳಿಗೆ, ಕರೆಂಟ್ ಬಿಲ್ಲು ಥರದ್ದಕ್ಕೆ, ಇದು ಒಳ್ಳೇ ಅಭ್ಯಾಸ. ಟಿಡಿಎಸ್ ಹಿಡಿದಿರುವ ಬಡ್ಡಿಗೆ ನಾನು ಹೀಗೆ ಮಾಡುವುದಿಲ್ಲ, ಟಿಡಿಎಸ್ ಸಾಲು ಗೊಂದಲವಾಗುತ್ತದೆ. ಮಾಡುವುದಾದರೆ ಒಂದು ಎಚ್ಚರಿಕೆ: ಟ್ಯಾಲಿಯಲ್ಲಿ "ರಿವರ್ಸಿಂಗ್ ಜರ್ನಲ್" ಅನ್ನುವ ವೋಚರ್ ಇದೆ, ಹೆಸರು ನೋಡಿ ಅದನ್ನೇ ಬಳಸಬೇಡಿ. ಅದು ನಡುವಿನ ವರದಿಗಳಿಗಾಗಿ ಸಿನಾರಿಯೋದಲ್ಲಿ (ಹೀಗಾದರೆ ಹೇಗೆ ಅಂತ ನೋಡುವ ತಾತ್ಕಾಲಿಕ ವರದಿಯಲ್ಲಿ) ಮಾತ್ರ ಕಾಣುವ ವೋಚರ್, ನಿಜವಾದ ಪುಸ್ತಕಕ್ಕೆ ಅದು ಹತ್ತುವುದಿಲ್ಲ. ಮಾಮೂಲಿ ಜರ್ನಲ್ಲನ್ನೇ ಹಾಕಿ.

ಜೂನ್‌ನಲ್ಲಿ ಹಣ ಇಲ್ಲ, ಚೀಟಿ ಬದಲಾಯಿಸುತ್ತೇವೆ ಅಂದರೆ? ಬಡ್ಡಿಯನ್ನಾದರೂ ಕೊಟ್ಟು ಅಸಲಿಗೆ ಮಾತ್ರ ಹೊಸ ಚೀಟಿ ಬರೆಯುವುದು ಒಳ್ಳೆಯದು. ಬಡ್ಡಿಯನ್ನೂ ಸೇರಿಸಿ ಹೊಸ ಚೀಟಿ ಅಂದರೆ ಮೊತ್ತ 6,32,400 ಆಗಬೇಕು, 6,36,000 ಆಗಬಾರದು. ಟಿಡಿಎಸ್‌ನ 3,600 ಆಗಲೇ ಅವರ ಹೆಸರಿನಲ್ಲಿ ಸರ್ಕಾರಕ್ಕೆ ಹೋಗಿದೆ. ಪುಸ್ತಕದಲ್ಲಿ ಹಳೆಯ ಎರಡು ಖಾತೆ ಡೆಬಿಟ್ ಮಾಡಿ ಹೊಸ ಪ್ರೋನೋಟು ಖಾತೆ ಕ್ರೆಡಿಟ್ ಮಾಡಿ. ಹಳೇ ಚೀಟಿಯನ್ನು ಮರೆಯದೆ ವಾಪಸ್ ಪಡೆಯಿರಿ.

ಬಡ್ಡಿ ಹಿಡಿದುಕೊಂಡು ಕೊಡುವ ಸಾಲ

ಇದು ನಮ್ಮ ಕಡೆ ಬಹಳ. 2 ಲಕ್ಷಕ್ಕೆ ಸಹಿ, ಕೈಗೆ ಬರುವುದು 1,88,000. ಆರು ತಿಂಗಳ ಬಡ್ಡಿ 12,000 ಮೊದಲೇ ಮುರಿದುಕೊಳ್ಳುತ್ತಾರೆ. ಬಂದ 1,88,000ವನ್ನು ಮಾತ್ರ ಸಾಲ ಅಂತ ಬರೆದು ಬಿಟ್ಟರೆ ಚೀಟಿಗೂ ಪುಸ್ತಕಕ್ಕೂ ತಾಳೆಯಾಗುವುದಿಲ್ಲ. 12,000ವನ್ನು ಅದೇ ದಿನ ಖರ್ಚಿಗೆ ಹಾಕಿದರೂ ತಪ್ಪು, ಇನ್ನೂ ಒಂದು ದಿನವೂ ಕಳೆದಿಲ್ಲ. ಬರೆಯುವುದು ಹೀಗೆ: ಬ್ಯಾಂಕ್ ಡೆಬಿಟ್ 1,88,000, ಮುಂಗಡ ಬಡ್ಡಿ ಡೆಬಿಟ್ 12,000, ಪ್ರೋನೋಟು ಸಾಲ ಕ್ರೆಡಿಟ್ 2,00,000. ಆಮೇಲೆ ಪ್ರತಿ ತಿಂಗಳು 2,000 ಮುಂಗಡ ಬಡ್ಡಿಯಿಂದ ತೆಗೆದು ಬಡ್ಡಿ ಖರ್ಚಿಗೆ ಹಾಕುತ್ತಾ ಹೋಗಿ. ಬ್ಯಾಲೆನ್ಸ್ ಶೀಟ್ ಮಾಡುವಾಗ ಉಳಿದ ಮುಂಗಡ ಬಡ್ಡಿಯನ್ನು ಸಾಲದಲ್ಲಿ ಕಳೆದು ತೋರಿಸಿ, ಆಸ್ತಿ ಕಡೆ ಉಬ್ಬಿಸಬೇಡಿ.

ಒಂದು ರೂಪಾಯಿ ಬಡ್ಡಿ ಅಂತ ಹೇಳಿದರೂ ಇಲ್ಲಿ ನಿಜವಾಗಿ ಬೀಳುವುದು ಅದಕ್ಕಿಂತ ಜಾಸ್ತಿ. ನಿಮ್ಮ ಕೈಗೆ ಬಂದದ್ದು 1,88,000, ಅದಕ್ಕೆ ಆರು ತಿಂಗಳಿಗೆ 12,000, ವರ್ಷಕ್ಕೆ ಹತ್ತಿರ ಹತ್ತಿರ ಶೇಕಡಾ 12.77. ಈ ಅಂಕಿಯನ್ನು ಮಾಲೀಕರಿಗೆ ಒಂದು ಚೀಟಿಯಲ್ಲಿ ಬರೆದು ಕೊಡಿ. ಲೆಕ್ಕ ಬರೆಯುವವರು ಮಾಡಬಹುದಾದ ದೊಡ್ಡ ಉಪಕಾರ ಅದು.

ಯಾವುದು ಚಾಲ್ತಿ ಹೊಣೆ

ಬ್ಯಾಲೆನ್ಸ್ ಶೀಟ್ ತಾರೀಖಿನಿಂದ 12 ತಿಂಗಳೊಳಗೆ ತೀರಿಸಬೇಕಾದದ್ದು ಚಾಲ್ತಿ ಹೊಣೆ, ಕರೆಂಟ್ ಲಯಬಿಲಿಟಿ. ಕಂಪನಿಗಳಿಗೆ ಇದನ್ನು 2013ರ ಕಂಪನಿ ಕಾಯ್ದೆಯ ಮೂರನೇ ಶೆಡ್ಯೂಲ್ ಹೇಳುತ್ತದೆ. ಫರ್ಮ್‌ಗಳಿಗೂ ಅಂಗಡಿಗಳಿಗೂ ಹೆಚ್ಚುಕಡಿಮೆ ಅದೇ ಥರದ ನಮೂನೆಯನ್ನು ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಈಗ ಕೊಟ್ಟಿದೆ. ಎಣಿಕೆ ಶುರುವಾಗುವುದು ಸಾಲ ತೆಗೆದ ದಿನದಿಂದ ಅಂತ ತಪ್ಪು ತಿಳಿಯಬೇಡಿ. ಐದು ವರ್ಷದ ಹಿಂದೆ ತೆಗೆದ ಸಾಲವಾದರೂ ಬರುವ ಡಿಸೆಂಬರ್‌ನಲ್ಲಿ ತೀರಿಸಬೇಕು ಅಂದರೆ ಈ ಮಾರ್ಚ್‌ನಲ್ಲಿ ಅದು ಚಾಲ್ತಿ ಹೊಣೆಯೇ.

"ಕೇಳಿದಾಗ ಕೊಡುತ್ತೇನೆ" ಅನ್ನುವ ಪ್ರೋನೋಟು ಇನ್ನೊಂದು ಬಗೆ. ಮಾವ ಕೊಟ್ಟ ಸಾಲ, ಅವರೆಲ್ಲಿ ಕೇಳುತ್ತಾರೆ, ದೀರ್ಘಾವಧಿಯಲ್ಲಿ ತೋರಿಸಿ ಅಂತಾರೆ. ಮಾವ ಕೇಳುವುದಿಲ್ಲ ಅನ್ನುವುದು ಪ್ರೀತಿ. ಚೀಟಿಯ ಪ್ರಕಾರ ಅವರು ನಾಳೆ ಬೆಳಿಗ್ಗೆ ಕೇಳಬಹುದು. ಆದ್ದರಿಂದ ಚಾಲ್ತಿಯಲ್ಲೇ ಬರಬೇಕು. ನಿಜವಾಗಿಯೂ ಮೂರು ವರ್ಷ ಕೇಳುವುದಿಲ್ಲ ಅಂದರೆ ಹಾಗಂತಲೇ ಬರೆದ ಒಪ್ಪಂದ ಮಾಡಿಕೊಳ್ಳಿ.

ಬ್ಯಾಂಕಿನ ಟರ್ಮ್ ಲೋನು ಎರಡು ಭಾಗ ಆಗುತ್ತದೆ. ನಮ್ಮ ಮಿಲ್ಲು ಹೊಸ ಎಕ್ಸ್‌ಪೆಲ್ಲರ್‌ಗೆ (ಎಣ್ಣೆ ಹಿಂಡುವ ಯಂತ್ರಕ್ಕೆ) ತೆಗೆದ ಸಾಲದಲ್ಲಿ ಮಾರ್ಚ್ 31ಕ್ಕೆ 11 ಲಕ್ಷ ಉಳಿದಿದೆ, ತಿಂಗಳಿಗೆ 25,000 ಅಸಲು ಅಂದುಕೊಳ್ಳಿ. ಮುಂದಿನ 12 ತಿಂಗಳ 3 ಲಕ್ಷ ಚಾಲ್ತಿ, ಉಳಿದ 8 ಲಕ್ಷ ದೀರ್ಘಾವಧಿ. ಸಮನಾದ ಇಎಂಐ ಆಗಿದ್ದರೆ ಅಸಲಿನ ಪಾಲು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಬ್ಯಾಂಕಿನಿಂದ ಕಂತಿನ ಪಟ್ಟಿ ತರಿಸಿ ಕೂಡಿಸಿ. ಬಡ್ಡಿ ಪ್ರತಿ 10ನೇ ತಾರೀಖು ಹಾಕುತ್ತಾರೆ ಅಂದರೆ ಮಾರ್ಚ್ 10ರಿಂದ 31ರವರೆಗಿನ 21 ದಿನದ ಬಡ್ಡಿ ಇನ್ನೂ ಸ್ಟೇಟ್‌ಮೆಂಟಿಗೆ ಬಂದಿರುವುದಿಲ್ಲ. ಶೇಕಡಾ 10.5ಕ್ಕೆ ಅದು 6,645 ರೂಪಾಯಿ. ಇದನ್ನೂ ಬಡ್ಡಿ ಬಾಕಿಗೆ ಸೇರಿಸಿ. ಬ್ಯಾಂಕ್ ಬಡ್ಡಿಗೆ 194ಎ ಟಿಡಿಎಸ್ ಇಲ್ಲ. ಆದರೆ 43ಬಿ ಇದೆ. ರಿಟರ್ನ್ ಸಲ್ಲಿಸುವ ಕೊನೇ ದಿನದೊಳಗೆ ನಿಜವಾಗಿ ಕಟ್ಟಿದ್ದರೆ ಮಾತ್ರ ಆ ವರ್ಷದ ಖರ್ಚು ಅಂತ ತೆರಿಗೆಯಲ್ಲಿ ಒಪ್ಪುತ್ತಾರೆ. ಬಡ್ಡಿಯನ್ನು ಹೊಸ ಸಾಲವಾಗಿ ಪರಿವರ್ತಿಸಿದರೆ ಕಟ್ಟಿದಂತೆ ಆಗುವುದಿಲ್ಲ. ಪರಿಚಯದವರಿಂದ ತಂದ ಪ್ರೋನೋಟಿನ ಬಡ್ಡಿಗೆ ಈ ನಿಯಮ ಹತ್ತುವುದಿಲ್ಲ.

ಟ್ಯಾಲಿ ಈ ವಿಂಗಡಣೆಯನ್ನು ತಾನಾಗಿ ಮಾಡುವುದಿಲ್ಲ. "ಅನ್‌ಸೆಕ್ಯೂರ್ಡ್ ಲೋನ್ಸ್", "ಸೆಕ್ಯೂರ್ಡ್ ಲೋನ್ಸ್" ಅಂತ ಹಾಕಿದ್ದೆಲ್ಲ "ಲೋನ್ಸ್" ಅನ್ನುವ ಒಂದೇ ತಲೆಬರಹದ ಕೆಳಗೆ, ಚಾಲ್ತಿ ಹೊಣೆಯ ಹೊರಗೆ ಹೋಗಿ ಕೂರುತ್ತದೆ. ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಮಿಲ್ಲಿನ ಚಾಲ್ತಿ ಆಸ್ತಿ 20 ಲಕ್ಷ. ಸಿಸಿ ಮತ್ತು ಸರಕು ಕೊಟ್ಟವರ ಬಾಕಿ ಸೇರಿ 7 ಲಕ್ಷ. ಅದಕ್ಕೆ ಬಡ್ಡಿ ಬಾಕಿ 21,600, ಟಿಡಿಎಸ್ 2,400, ಬ್ಯಾಂಕ್ ಬಡ್ಡಿ 6,645 ಸೇರಿಸಿದರೆ 7,30,645. ಆಸ್ತಿಯನ್ನು ಇದರಿಂದ ಭಾಗಿಸಿದರೆ ಕರೆಂಟ್ ರೇಷಿಯೋ 2.74, ನೋಡಲು ಬಲು ಚೆಂದ. ಈಗ ಪ್ರೋನೋಟಿನ 6 ಲಕ್ಷ, ಟರ್ಮ್ ಲೋನಿನ 3 ಲಕ್ಷವನ್ನು ಇರಬೇಕಾದ ಜಾಗಕ್ಕೆ ತನ್ನಿ. ಹೊಣೆ 16,30,645. ರೇಷಿಯೋ 1.23. ಬ್ಯಾಂಕಿನವರು ಸಾಮಾನ್ಯವಾಗಿ ನೋಡುವುದು 1.33.

ಇಲ್ಲೇ ಮಾಲೀಕರು "ಹಾಗೇ ಬಿಡಿ, ಲೋನ್ಸ್ ಕೆಳಗೇ ಇರಲಿ" ಅನ್ನುತ್ತಾರೆ. ಬಿಡಬೇಡಿ. ಜೂನ್‌ನಲ್ಲಿ 6 ಲಕ್ಷ ಕೊಡಬೇಕು ಅನ್ನುವುದು ಕಾಗದದ ಮೇಲೆ ಎಲ್ಲಿ ಕೂತರೂ ಬದಲಾಗುವುದಿಲ್ಲ. 1.23 ಅಂತ ಮಾರ್ಚ್‌ನಲ್ಲೇ ಕಂಡರೆ ಎರಡು ತಿಂಗಳಲ್ಲಿ ಏನಾದರೂ ಮಾಡಬಹುದು. ಬರಬೇಕಾದ ಬಾಕಿ ವಸೂಲಿ ಮಾಡಬಹುದು, ಹಿಂಡಿ ದಾಸ್ತಾನು ಮಾರಬಹುದು, ಪಾಲುದಾರರು ಸ್ವಲ್ಪ ಬಂಡವಾಳ ಹಾಕಬಹುದು, ಇಲ್ಲವೇ ಬ್ಯಾಂಕಿಗೆ ಹೋಗಿ ನೇರವಾಗಿ ಲಿಮಿಟ್ ಕೇಳಬಹುದು. 2.74 ನೋಡಿಕೊಂಡು ಖುಷಿಯಾಗಿ ಕೂತರೆ ಮೇ ಕೊನೆಯಲ್ಲಿ ಎರಡು ರೂಪಾಯಿ ಬಡ್ಡಿಗೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ. ಹಾಗೆ ಹೋದವರನ್ನು ನೋಡಿ ನನಗೆ ಬಹಳ ಸಂಕಟವಾಗಿದೆ, ಅದಕ್ಕೇ ಈ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ.

ಸರಕು ಕೊಟ್ಟವರ ಬಾಕಿ ಬಗ್ಗೆ ಒಂದು ಮಾತು. ಎಣ್ಣೆ ಟಿನ್, ಬಾಟಲಿ ತಯಾರಿಸಿ ಕೊಡುವವರು ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕ ಆಗಿದ್ದರೆ, ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಅವರು ಕೇಳಲಿ ಬಿಡಲಿ ಅದು ಏರುತ್ತಲೇ ಇರುತ್ತದೆ, ಪುಸ್ತಕದಲ್ಲಿ ಬರಬೇಕು, ತೆರಿಗೆಯಲ್ಲಿ ಖರ್ಚು ಅಂತ ಒಪ್ಪುವುದೂ ಇಲ್ಲ. ಮಾರ್ಚ್ 31ಕ್ಕೆ ಆ ಗಡುವು ದಾಟಿ ಉಳಿದ ಬಾಕಿಯಂತೂ 43ಬಿ(ಎಚ್) ಪ್ರಕಾರ ಕೊಟ್ಟ ವರ್ಷವೇ ಖರ್ಚು.

ಹಳೇ ಪ್ರೋನೋಟುಗಳ ವಿಷಯ ಬಂದಾಗ ಜನ "ಮೂರು ವರ್ಷ ಆಯಿತು, ಇನ್ನು ಕೇಳುವ ಹಾಗಿಲ್ಲ, ತೆಗೆದು ಹಾಕಿ" ಅನ್ನುತ್ತಾರೆ. ಕೇಳಿದಾಗ ಕೊಡುವ ಪ್ರೋನೋಟಿಗೆ ದಾವೆ ಹೂಡುವ ಅವಧಿ ಬರೆದ ತಾರೀಖಿನಿಂದ ಮೂರು ವರ್ಷ ಅನ್ನುವುದು ನಿಜ. ಆದರೆ ನಡುವೆ ಸಾಲವನ್ನು ಒಪ್ಪಿ ಬರೆದು ಸಹಿ ಮಾಡಿದರೆ ಅಲ್ಲಿಂದ ಮತ್ತೆ ಮೂರು ವರ್ಷ ಎಣಿಕೆ. ಸಹಿ ಆದ ಬ್ಯಾಲೆನ್ಸ್ ಶೀಟಿನಲ್ಲಿ ಸಾಲ ಕಾಣಿಸಿದರೆ ಅದೂ ಹಾಗೆ ಒಪ್ಪಿಕೊಂಡಂತೆ ಆಗಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ಕಂಪನಿಯ ವಿಷಯದಲ್ಲಿ ಹೇಳಿದೆ. ವಕೀಲರನ್ನು ಕೇಳದೆ ಯಾವ ಸಾಲವನ್ನೂ ಪುಸ್ತಕದಿಂದ ಅಳಿಸಬೇಡಿ.

ಜೂನ್ 4ರಂದು ಆರ್‌ಟಿಜಿಎಸ್ ಮಾಡಿದ ಮೇಲೆ ಮನೆಗೆ ಹೋಗುವ ಮೊದಲು ಮೂಲ ಪ್ರೋನೋಟನ್ನು ವಾಪಸ್ ಇಸಿದುಕೊಳ್ಳಿ. ಜೆರಾಕ್ಸ್ ಬೇಡ. ಅದರ ಬೆನ್ನಿಗೆ "ಅಸಲು ಬಡ್ಡಿ ಪೂರ್ತಿ ಸಂದಾಯವಾಗಿದೆ" ಅಂತ ಬರೆಸಿ, ತಾರೀಖು ಹಾಕಿಸಿ, ಸಹಿ ತೆಗೆದುಕೊಳ್ಳಿ. ಮುಖದ ಮೇಲೆ ಎರಡು ಅಡ್ಡ ಗೆರೆ ಎಳೆದು ಆ ದಿನದ ಪೇಮೆಂಟ್ ವೋಚರ್‌ಗೆ ಪಿನ್ ಮಾಡಿ ಫೈಲಿಗೆ ಹಾಕಿ.